ಖೂಬಾ ಪ್ಲಾಟಿನ ಜೋಡಿಮನೆ

ಗ್ಯಾಸ್ ಕಟರಿನ ನೀಲಿ ಉರಿ ಮಂಚದ ಕಾಲಿಗೆ ತಾಗಿದ ಕೂಡಲೇ ಎದ್ದ ವಾಸನೆ ನನ್ನ ಕೈಯನ್ನು ನಿಲ್ಲಿಸಿಬಿಟ್ಟಿತು. ಕಬ್ಬಿಣ ಕಾಯುವ ವಾಸನೆ ನನಗೆ ಹೊಸದಲ್ಲ, ನಲವತ್ತು ವರ್ಷದಿಂದ ಅದನ್ನೇ ಉಸಿರಾಡಿಕೊಂಡು ಬಂದವನು ನಾನು. ಇದು ಬೇರೆ. ಒಂದರ ಮೇಲೊಂದು ಬಳಿದಿದ್ದ ಹಸಿರು ಬಣ್ಣದ ಪದರಗಳು ಉಬ್ಬಿ ಸುಲಿಯುತ್ತಿದ್ದವು. ಅವುಗಳ ಅಡಿಯಿಂದ ಸೀಮೆಎಣ್ಣೆಯ ಘಾಟು, ತಗಣಿ ಹೊಸಕಿದಾಗ ಬರುವ ಕೊತ್ತಂಬರಿಯಂಥ ಕಟು, ಹುಡುಗರ ಬೆವರು ಕುಡಿದ ನವಾರಿನ ಪಟ್ಟಿಯ ಮುಗ್ಗಲು ಎಲ್ಲ ಸೇರಿ ಹೊಗೆಯಾಗಿ ಮೇಲೆದ್ದಿತು. ಇಷ್ಟು ವರ್ಷವಾದ ಮೇಲೂ ಕಬ್ಬಿಣದಲ್ಲಿ ಸೀಮೆಎಣ್ಣೆ ಉಳಿದೀತೇ ಎಂದು ನೀವು ಕೇಳಬಹುದು. ಉಳಿದಿರಲಿಕ್ಕಿಲ್ಲ. ಆದರೆ ನನ್ನ ಮೂಗು ಹೇಳಿದ್ದು ಅದನ್ನೇ. ಬೇಸಿಗೆ ಬಂತೆಂದರೆ ಈ ಮಂಚಗಳನ್ನು ನಾವು ಹುಡುಗರೇ ಇಬ್ಬಿಬ್ಬರಾಗಿ ಹೊತ್ತು ಅಂಗಳಕ್ಕೆ ತಂದು, ಉರಿ ಬಿಸಿಲಿಗೆ ಹಾಕಿ, ಕೀಲುಕೀಲಿಗೂ ಸೀಮೆಎಣ್ಣೆ ಸವರುತ್ತಿದ್ದೆವು. ಕಲಬುರಗಿಯ ಬಿಸಿಲಿಗೆ ಕಬ್ಬಿಣ ಎಷ್ಟು ಕಾಯುತ್ತಿತ್ತೆಂದರೆ ಬರಿಗೈಯಲ್ಲಿ ಮುಟ್ಟಿದವನು ಕುಣಿಯುತ್ತಿದ್ದ, ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು.

ಈ ಮಂಚಗಳಿದ್ದದ್ದು ಈ ಊರಿನ ಹಳೆಯ ಖಾಸಗಿ ಶಾಲೆಯ ಬೋರ್ಡಿಂಗಿನಲ್ಲಿ. ಹೆಸರು ಬರೆಯುವುದಿಲ್ಲ, ಇಲ್ಲಿಯವರಿಗೆ ಬರೆಯುವ ಅಗತ್ಯವೂ ಇಲ್ಲ. ಮನೆಯಿಂದ ಬಂದುಹೋಗುವ ಊರಿನ ಹುಡುಗರು, ಅಲ್ಲೇ ಉಳಿಯುವ ಹಳ್ಳಿಯ ಹುಡುಗರು, ಇಬ್ಬರೂ ಇದ್ದ ಶಾಲೆ. ಈಗ ಉಳಿಯುವವರು ಯಾರೂ ಇಲ್ಲ. ಹಳ್ಳಿಹಳ್ಳಿಗೆ ಹಳದಿ ಬಸ್ಸು ಹೋಗುತ್ತದೆ, ಬೋರ್ಡಿಂಗಿಗೆ ಬೀಗ ಬಿದ್ದಿದೆ. ಹಳೆಯ ಮಂಚಗಳನ್ನು ಕತ್ತರಿಸಿ ಅದೇ ಪೈಪಿನಿಂದ ಸೈಕಲ್ಲು ನಿಲ್ಲಿಸುವ ಸ್ಟ್ಯಾಂಡು ಮಾಡಿಕೊಡಿ ಎಂದು ಶಾಲೆಯವರು ಕಪನೂರಿನ ನನ್ನ ವರ್ಕ್‌ಶಾಪಿಗೆ ಫೋನು ಮಾಡಿದ್ದರು. ನಾನು ಅದೇ ಬೋರ್ಡಿಂಗಿನ ಹುಡುಗನಾಗಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ನನ್ನ ಕೆಲಸಗಾರರನ್ನು ಕಳಿಸುತ್ತೇನೆ. ಅವತ್ತು ಮಾತ್ರ ನಾನೇ ಸಿಲಿಂಡರು ಹೇರಿಸಿಕೊಂಡು ಹೋದೆ.

ನನ್ನ ಓದು ಒಂಬತ್ತನೇ ಇಯತ್ತೆಗೆ ನಿಂತಿತು. ಅದರ ನಾಚಿಕೆ ನನಗಿಲ್ಲ. ನಾನು ಕೂರಿಸಿದ ಗೇಟು ಇಪ್ಪತ್ತು ವರ್ಷವಾದರೂ ಕಿರ್ರೆನ್ನುವುದಿಲ್ಲ, ಜೋತು ಬೀಳುವುದಿಲ್ಲ. ಈ ಊರಿನಲ್ಲಿ ಎಷ್ಟೋ ದೊಡ್ಡ ಮನೆಗಳ ಬಾಗಿಲು ಕಾಯುವುದು ನನ್ನ ಕೈಕೆಲಸ. ಆದರೆ ಇದನ್ನು ಬರೆಯಲು ಕೂತದ್ದು ಅದನ್ನು ಹೇಳಿಕೊಳ್ಳಲಿಕ್ಕಲ್ಲ, ಮಂಚಗಳ ಸಲುವಾಗಿಯೂ ಅಲ್ಲ. ಒಬ್ಬ ಮುದುಕಿ, ನಾನು ಆಕೆಯ ಮೇಲೆ ಮುನಿಸಿಕೊಂಡು ದೂರವಾದೆ ಎಂದು ತಿಳಿದುಕೊಂಡೇ ಕಣ್ಣು ಮುಚ್ಚಿದಳು. ನಾನು ಮುನಿಸಿಕೊಂಡಿರಲಿಲ್ಲ. ಆ ಒಂದು ಮಾತನ್ನು ಹೇಳಲು ನನಗೆ ವರ್ಷಗಟ್ಟಲೆ ವೇಳೆ ಇತ್ತು, ನಡೆದರೆ ಒಂದೂವರೆ ತಾಸಿನ ದಾರಿ ಇತ್ತು. ಹೇಳಲಿಲ್ಲ. ಆಕೆ ಹಾಗೆ ತಿಳಿದುಕೊಂಡಿದ್ದಳೆಂಬುದೇ ನನಗೆ ಗೊತ್ತಾದದ್ದು ಈ ಮಂಚ ಕತ್ತರಿಸಿದ ದಿನ.

ನಾನು ಕಮಲಾಪುರದವನು. ಅಪ್ಪ ಗೌಂಡಿ, ಗೋಡೆ ಕಟ್ಟುವ ಕೆಲಸ. ಮಗ ಕಲ್ಲು ಹೊರಬಾರದು ಎಂದು ಹಟ ಹಿಡಿದು ನನ್ನನ್ನು ಐದನೇ ಇಯತ್ತೆಗೆ ಈ ಬೋರ್ಡಿಂಗಿಗೆ ಸೇರಿಸಿದ. ತಗಡಿನ ಟ್ರಂಕು, ಒಂದು ಚಾದರ, ಒಂದು ತಂಬಿಗೆ ಕೊಟ್ಟು, ಹಿಂದಿರುಗಿ ನೋಡದೆ ಹೋದ ಅಪ್ಪನ ಬೆನ್ನು ನನಗೆ ಇವತ್ತಿಗೂ ಕಾಣುತ್ತದೆ. ಹಗಲು ಹೇಗೋ ಹೋಗುತ್ತಿತ್ತು. ಕಷ್ಟವೆಂದರೆ ಸಂಜೆ ಐದರ ಗಂಟೆ. ಆ ಗಂಟೆಗೆ ಊರಿನ ಹುಡುಗರೆಲ್ಲ ಪಾಟಿಚೀಲ ತಿರುಗಿಸುತ್ತ, ಕೂಗುತ್ತ ಗೇಟಿನ ಹೊರಗೆ ಹೋಗಿಬಿಡುತ್ತಿದ್ದರು. ಅಂಗಳ ಒಮ್ಮೆಲೇ ಖಾಲಿಯಾಗುತ್ತಿತ್ತು. ಅಷ್ಟು ಹೊತ್ತು ಕೇಳಿಸದೇ ಇದ್ದ ನಲ್ಲಿಯ ಹನಿ ಆಗ ಕೇಳಿಸುತ್ತಿತ್ತು. ಮೈದಾನದ ಧೂಳು ಕೆಳಗೆ ಕೂರುವವರೆಗೆ ನಾವು ಹಳ್ಳಿಯ ಹುಡುಗರು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಿದ್ದೆವು, ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಬೋರ್ಡಿಂಗಿನಲ್ಲಿ ಬೆಳೆದವರಿದ್ದರೆ ಆ ಹೊತ್ತು ನಿಮಗೂ ಗೊತ್ತಿರುತ್ತದೆ. ಅಲ್ಲಿ ಯಾರೂ ಬಡಿಯುತ್ತಿರಲಿಲ್ಲ, ಊಟಕ್ಕೂ ಕಡಿಮೆ ಇರಲಿಲ್ಲ. ಆದರೂ ಹೆಸರು ಹಿಡಿದು ಕರೆಯುವ ದನಿ ಒಂದೂ ಇರಲಿಲ್ಲ. ಹಾಜರಿಯಲ್ಲಿ ಕೂಗುವ ಹೆಸರು ಬೇರೆ, ಒಲೆಯ ಮುಂದಿನಿಂದ ಕರೆಯುವ ಹೆಸರು ಬೇರೆ.

ಶಾಲೆ ಕಟ್ಟಿದವರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ಅವರ ಕಾಲದಿಂದ ಅಲ್ಲೊಂದು ಪದ್ಧತಿ ನಡೆದು ಬಂದಿತ್ತು. ಬೋರ್ಡಿಂಗಿನ ಪ್ರತಿ ಹುಡುಗನಿಗೂ ಊರಿನ ಒಬ್ಬ ಹುಡುಗನ ಮನೆಯನ್ನು ಜೋಡಿ ಮಾಡುತ್ತಿದ್ದರು. ಅದಕ್ಕೆ ಜೋಡಿಮನೆ ಎಂದೇ ಹೆಸರು. ತಿಂಗಳ ಮೊದಲ ಭಾನುವಾರ ಆ ಮನೆಯಲ್ಲಿ ಊಟ. ಶನಿವಾರ ಸಂಜೆ ವಾರ್ಡನ್ ಸರ್ ಒಂದು ಚೀಟಿ ಬರೆದು ಕೊಡುವರು: ಹುಡುಗನ ಹೆಸರು, ಮನೆಯ ಹೆಸರು, ಹೋಗುವ ವೇಳೆ. ಊಟವಾದ ಮೇಲೆ ಮನೆಯ ಹಿರಿಯರು ಅದರ ಬೆನ್ನಿಗೆ ಸಹಿ ಹಾಕಬೇಕು, ನಾಲ್ಕು ಗಂಟೆಯೊಳಗೆ ಚೀಟಿ ಸರ್ ಕೈ ಸೇರಬೇಕು. ಚೀಟಿ ಇಲ್ಲದೆ ಯಾರೂ ಹೋಗುವಂತಿಲ್ಲ, ಚೀಟಿ ಇಲ್ಲದವನನ್ನು ಯಾವ ಮನೆಯವರೂ ಕೂರಿಸಿಕೊಳ್ಳುವಂತಿಲ್ಲ. ಈ ಕಟ್ಟಳೆ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಊಟವನ್ನು ನೆನೆದರೆ ಮೊದಲು ಕಣ್ಣಿಗೆ ಬರುತ್ತಿದ್ದದ್ದು ಆ ಚೀಟಿ.

ನನಗೆ ಬಂದ ಜೋಡಿ ನಮ್ಮದೇ ಇಯತ್ತೆಯ ರೇವಣಸಿದ್ಧ, ಖೂಬಾ ಪ್ಲಾಟಿನವನು. ತಾಯಿ ಇಲ್ಲದ ಹುಡುಗ. ತಂದೆ ಕೋರ್ಟಿನಲ್ಲಿ ಗುಮಾಸ್ತರು, ಪತ್ರಿಕೆಯ ಹಿಂದಿನಿಂದ ಹೊರಗೆ ಬಂದದ್ದನ್ನು ನಾನು ಹೆಚ್ಚು ನೋಡಿಲ್ಲ. ಮನೆ ನಡೆಸುತ್ತಿದ್ದವಳು ರೇವಣನ ಅಜ್ಜಿ. ಅವನು ಆಯಿ ಎನ್ನುತ್ತಿದ್ದ, ನಾನೂ ಹಾಗೇ ಕರೆದೆ. ಆಕೆಯ ನಿಜವಾದ ಹೆಸರು ನಾನು ಕೇಳಲೇ ಇಲ್ಲ. ಫರ್ಸಿಕಲ್ಲಿನ ನೆಲದ ಸಣ್ಣ ಮನೆ. ನಡು ಬೇಸಿಗೆಯಲ್ಲಿಯೂ ಆ ನೆಲ ಅಂಗಾಲಿಗೆ ತಣ್ಣಗೆ ಹತ್ತುತ್ತಿತ್ತು. ಒಳಗೆ ಹೋದರೆ ಮೊದಲು ಕತ್ತಲೆ, ಆಮೇಲೆ ಹುರಿದ ಶೇಂಗಾದ ಪರಿಮಳ, ಆಮೇಲೆ ಒಲೆಯ ಬೆಳಕಿನಲ್ಲಿ ಆಯಿಯ ಕೈ. ಮುಂಗೈ ತುಂಬ ಹಸಿರು ಹಚ್ಚೆ ಇದ್ದ ಆ ಕೈ ರೊಟ್ಟಿ ಬಡಿಯುತ್ತಿದ್ದರೆ ಹಚ್ಚೆಯ ಹೂವುಗಳೇ ಹಿಟ್ಟಿನ ಮೇಲೆ ಕುಣಿದ ಹಾಗೆ ಕಾಣುತ್ತಿತ್ತು. ಆ ಸದ್ದು ಓಣಿಯ ಮೂಲೆಯವರೆಗೆ ಬರುತ್ತಿತ್ತು. ಎರಡು ಜೋರು, ಒಂದು ಮೆಲ್ಲಗೆ, ಆಮೇಲೆ ರೊಟ್ಟಿ ತಿರುವುವಾಗ ಒಂದು ಚಣ ಸುಮ್ಮನೆ. ಬೇರೆ ಯಾರ ಮನೆಯ ಸದ್ದೂ ಹಾಗಿರಲಿಲ್ಲ.

ಮೊದಲ ದಿನ ನಾನು ಬಾಗಿಲಲ್ಲೇ ನಿಂತಿದ್ದೆ.

“ಯಾ ಊರೋ ತಮ್ಮಾ ನಿಂದು?” ಎಂದಳು ಆಯಿ.

“ಕಮಲಾಪುರ ರೀ.”

“ಕಮಲಾಪುರದಾಂವ ಆಗಿ ಖಾಲಿ ಕೈಲೆ ಬಂದೀಯಾ? ಕೆಂಪು ಬಾಳಿಹಣ್ಣು ಎಲ್ಲಿ?”

ನನ್ನ ಕಣ್ಣಲ್ಲಿ ನೀರು ಬಂತು. ಆಯಿ ತವೆ ಬಿಟ್ಟು ಎದ್ದು ಬಂದು, ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಹಿಡಿದಳು. “ಏ ಹುಚ್ಚಪ್ಪಾ, ಚ್ಯಾಷ್ಟಿ ಮಾಡಿದ್ನೋ. ಕೂಡು ಬಾ.” ಮುಂದಿನ ತಿಂಗಳು ಅವ್ವ ಬಸ್ಸಿನವರ ಕೈಯಲ್ಲಿ ಕಳಿಸಿದ ಕೆಂಪು ಬಾಳೆಹಣ್ಣಿನ ಚಿಪ್ಪು ಒಯ್ದೆ. ಆಯಿ ಅದನ್ನು ಮೂಸಿ ನೋಡಿ, ದೇವರ ಮುಂದಿಟ್ಟು, “ಇಷ್ಟೇನಾ? ಗೊನಿ ಯಾವ ಸೊಸಿಗಿ ಇಟ್ಟಾಳ ನಿಮ್ಮವ್ವ?” ಎಂದಳು. ನಾನು ಮತ್ತೆ ಪೆಚ್ಚಾದೆ. ರೇವಣ ನನ್ನ ಕಿವಿಯಲ್ಲಿ ಹೇಳಿದ: “ಆಯಿ ಬೈದಳಂದ್ರ ನೀ ಬಚಾವ್ ಅಂತ ತಿಳಕೋ. ಸುಮ್ಮ ಕುಂತಳಂದ್ರ ಆವಾಗ ಅಂಜಬೇಕು.”

ಆ ಮನೆಯ ಭಾಷೆ ಅದೇ ಆಗಿತ್ತು, ನಾನೂ ಬೇಗ ಕಲಿತೆ. ಎರಡು ಮೂರು ತಿಂಗಳಿಗೆ ‘ರೀ’ ಬಿಟ್ಟುಹೋಯಿತು. ಆಕೆ ಅಂದರೆ ನಾನೂ ಅನ್ನುತ್ತಿದ್ದೆ. ನಮ್ಮಿಬ್ಬರ ದೊಡ್ಡ ಆಟವೆಂದರೆ ರೊಟ್ಟಿ ಎಣಿಸುವುದು. ಆಯಿ ನನ್ನ ತಾಟಿಗೆ ಪ್ರತಿ ರೊಟ್ಟಿ ಹಾಕುವಾಗಲೂ ಓಣಿಗೆ ಕೇಳಿಸುವ ಹಾಗೆ ಎಣಿಸುವಳು. “ಮೂರಾತು! ರೇವಣ್ಯಾ, ಅಟ್ಟದ ಮ್ಯಾಲಿನ ಹಿಟ್ಟಿನ ಡಬ್ಬಿ ಇಳಸೋ, ಕಮಲಾಪುರದ ಸವಾರಿ ಬಂದದ!” ನಾನು, “ನಿನ್ನ ರೊಟ್ಟಿ ಹಪ್ಪಳ ಇದ್ದಂಗ ಅವ ಆಯಿ, ಮೂರು ಕೂಡಿದ್ರ ಒಂದು” ಎನ್ನುವೆ. “ಹಪ್ಪಳಂತ! ಕೇಳ್ದೇನೋ ರೇವಣ್ಯಾ? ಹಲ್ಲು ಮುರೀತೀನಿ ಇಂವಂದು” ಎನ್ನುತ್ತ ನಾಲ್ಕನೆಯದು ಹಾಕುವಳು, ಅದರ ಮೇಲೆ ಪುಂಡಿಪಲ್ಯ, ಪಲ್ಯದ ನಡುವೆ ಗುಳಿ ಮಾಡಿ ಎಣ್ಣೆ. ಬೋರ್ಡಿಂಗಿನಲ್ಲಿ ನಾವು ಎಷ್ಟು ತಿಂದೆವು ಎಂದು ನೋಡುವವರು ಯಾರೂ ಇರಲಿಲ್ಲ. ಇಲ್ಲಿ ಒಬ್ಬಳು ನೋಡುತ್ತಿದ್ದಳು, ಅದನ್ನು ಲೋಕಕ್ಕೆಲ್ಲ ಸಾರುತ್ತಿದ್ದಳು. ಅದರ ಸುಖ ಆಗ ಹೊಟ್ಟೆಯದೆಂದುಕೊಂಡಿದ್ದೆ.

ಊಟವಾದ ಮೇಲೆ ಚೀಟಿ. ಆಯಿಗೆ ಬರೆಯಲು ಬಾರದು. ರೇವಣ ಪೆನ್ನಿನ ಶಾಯಿಯನ್ನು ಆಕೆಯ ಹೆಬ್ಬೆಟ್ಟಿಗೆ ಸವರುವನು. ಆಕೆ ಅದನ್ನು ಚೀಟಿಯ ಬೆನ್ನಿಗೆ ಒತ್ತುತ್ತ, “ಯಾವ ಆಸ್ತಿ ಬರಸ್ಕೊಳ್ಳಾಕತ್ತಾರೋ ನಿಮ್ಮ ಸರ್? ನನ್ನ ಹಂತ್ಯಾಕ ಇರೂದು ಇದೊಂದು ರೊಟ್ಟಿ ಹಂಚು” ಎನ್ನುವಳು. ಪ್ರತಿ ತಿಂಗಳು ಅದೇ ಮಾತು, ಪ್ರತಿ ತಿಂಗಳು ನಗು. ನಾಲ್ಕು ವರ್ಷ ಹೀಗೆ ನಡೆಯಿತು. ತಿಂಗಳಿಗೆ ಒಂದು ಹೊತ್ತಿನ ಊಟ ಅಷ್ಟೇ. ಆದರೆ ಉಳಿದ ಅಷ್ಟೂ ದಿನ ನಾನು ಅದರ ಮೇಲೆಯೇ ಬದುಕಿದ್ದೆ.

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪ ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದ. ಸೊಂಟ ಮುರಿಯಿತು. ಆ ಶನಿವಾರ ಸೋದರಮಾವ ಬೋರ್ಡಿಂಗಿಗೆ ಬಂದು, ಅಪ್ಪ ಇನ್ನು ಕೆಲಸಕ್ಕೆ ಹೋಗುವುದಿಲ್ಲ, ಕಪನೂರಿನಲ್ಲಿ ತನಗೆ ಗೊತ್ತಿರುವ ಒಬ್ಬ ಉಸ್ತಾದ್ ಇದ್ದಾನೆ, ಬುಧವಾರ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ. ನಾನು ಅಳಲಿಲ್ಲ. ಮರುದಿನ ಮೊದಲ ಭಾನುವಾರ. ಇದು ಕೊನೆಯ ಚೀಟಿ ಎಂದು ಗೊತ್ತಿದ್ದೇ ಖೂಬಾ ಪ್ಲಾಟಿಗೆ ಹೋದೆ.

ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಹೇಳಲಿಲ್ಲ. ಹೇಳಿದರೆ ಆಯಿ ‘ಪಾಪ’ ಎನ್ನುತ್ತಾಳೆ. ನನಗೆ ಆಕೆಯ ಬೈಗುಳ ಬೇಕಾಗಿತ್ತು, ಕನಿಕರ ಬೇಡವಾಗಿತ್ತು. ಹದಿನಾಲ್ಕು ವರ್ಷದ ಹುಡುಗನ ಸೊಕ್ಕು ಎನ್ನಿ. ಆ ಸೊಕ್ಕನ್ನೇ ಊರುಗೋಲು ಮಾಡಿಕೊಂಡು ಮುಂದೆ ನಡೆದವನು ನಾನು, ಅದನ್ನು ಹೀಗಳೆಯಲು ಇವತ್ತಿಗೂ ಬಾಯಿ ಬರುವುದಿಲ್ಲ. ಸುಮ್ಮನೆ ಕೂತು ಉಂಡೆ. ಹಸಿವೆ ಇರಲಿಲ್ಲ. ಎದ್ದರೆ ಮುಗಿದುಹೋಗುತ್ತದೆ ಎಂದು ಉಣ್ಣುತ್ತಲೇ ಇದ್ದೆ.

ಏಳನೆಯ ರೊಟ್ಟಿಗೆ ಆಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. “ಏಳಾದುವಲೇ ಅಂಬ್ಯಾ! ಬೋರ್ಡಿಂಗಿನಾಗ ಉಪಾಸ ಕೆಡವ್ತಾರೇನು ನಿನಗ? ಇನ್ನ ಮುಂದ ಬರೂದಿದ್ರ ಜ್ವಾಳದ ಚೀಲ ಹೊತ್ಗೊಂಡು ಬಾ ಮತ್ತ!”

ರೇವಣ ನಕ್ಕ. ನನ್ನ ಉತ್ತರಕ್ಕೆ ಇಬ್ಬರೂ ಕಾದರು. ಬಾಯಿ ತೆರೆದರೆ ಅಳು ಬರುತ್ತಿತ್ತು. ತಾಟು ಬಿಟ್ಟು ಎದ್ದು, ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದೆ. ಹೊರಗೆ ಬಂದಾಗ ಆಯಿ ನನ್ನ ಮುಂಗೈ ಹಿಡಿದು, “ಯಾಕೋ, ಹೊಟ್ಟಿ ನೋಯ್ತದೇನು?” ಎಂದು ಕೇಳಿದಳು. “ಇಲ್ಲ ರೀ” ಎಂದೆ. ಚೀಟಿಗೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಆವತ್ತು ಆಯಿ ಹಂಚಿನ ಮಾತು ಆಡಲಿಲ್ಲ. ಅದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಬುಧವಾರ ಟ್ರಂಕು ಹೊತ್ತು ಹೊರಟೆ. ವಾರ್ಡನ್ ಸರ್ ತಲೆಯ ಮೇಲೆ ಕೈ ಇಟ್ಟರು. ರೇವಣ ಪಾಠದಲ್ಲಿದ್ದ, ಅವನಿಗೆ ಹೇಳಲಿಲ್ಲ.

ಕಪನೂರು ಕಲಬುರಗಿಯ ಅಂಚು, ಹುಮನಾಬಾದ ರಸ್ತೆಯಲ್ಲೇ ಇದೆ. ನಮ್ಮ ಕಮಲಾಪುರದ ಬಸ್ಸು ಅದರ ಮುಂದೆಯೇ ಹಾಯ್ದು ಹೋಗುತ್ತದೆ. ಉಸ್ತಾದ್ ಒಳ್ಳೆಯ ಮನುಷ್ಯ. ಮನೆಯಲ್ಲಿ ದಖನಿ ಮಾತು, ಶೆಡ್ಡಿನಲ್ಲಿ ಕನ್ನಡ ಬೆರೆಸಿದ ದಖನಿ. ಬೆಸುಗೆ ಹಿಡಿಯಲು ಕಲಿಸಿದ, ಅದಕ್ಕಿಂತ ಮೊದಲು ಗುನ್ಯಾ ಹಿಡಿದು ಮೂಲೆ ನೇರ ಇದೆಯೇ ಎಂದು ನೋಡಲು ಕಲಿಸಿದ. ಮುಂದಿನ ತಿಂಗಳ ಮೊದಲ ಭಾನುವಾರ ಬಂತು. ನಾನು ಮರದ ಹೊಟ್ಟು ಹಾಕಿ ಕೈ ತಿಕ್ಕಿ ತೊಳೆದೆ. ಶಾಲೆಯ ಬಿಳಿ ಅಂಗಿ ಹಾಕಿಕೊಂಡೆ. ನಡೆದುಕೊಂಡೇ ಖೂಬಾ ಪ್ಲಾಟಿನವರೆಗೆ ಹೋದೆ. ಓಣಿಯ ಮೂಲೆಯಲ್ಲಿ ನಿಂತರೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಎರಡು ಜೋರು, ಒಂದು ಮೆಲ್ಲಗೆ. ಆಗ ಜೇಬಿನ ಮೇಲೆ ಕೈ ಹೋಯಿತು. ಚೀಟಿ ಇಲ್ಲ.

ಇದನ್ನು ಓದಿ ನೀವು ನಗಬಹುದು. ನನಗೆ ಆವತ್ತು ಅದು ನಗುವ ಮಾತಾಗಿರಲಿಲ್ಲ. ಚೀಟಿ ಇಲ್ಲದವನನ್ನು ಮನೆಯವರು ಕೂರಿಸಿಕೊಳ್ಳುವಂತಿಲ್ಲ. ನಾನು ಈಗ ಬೋರ್ಡಿಂಗಿನ ಹುಡುಗನಲ್ಲ. ಆ ತಾಟು ನನಗೆ ಹಾಕಿದ್ದು ಶಾಲೆಯ ಕಟ್ಟಳೆಯಿಂದ, ಈಗ ಅದು ನನ್ನ ಜಾಗಕ್ಕೆ ಬಂದ ಬೇರೆ ಹುಡುಗನದು. ಒಳಗೆ ಹೋದರೆ ಅವನು ಅಲ್ಲಿ ಕೂತಿರುತ್ತಾನೆ, ನಾನು ಬೇಡಲು ಬಂದವನ ಹಾಗೆ ಬಾಗಿಲಲ್ಲಿ ನಿಂತಿರುತ್ತೇನೆ. ಹೀಗೆಂದುಕೊಂಡು ಆ ಸದ್ದು ನಿಲ್ಲುವವರೆಗೆ ಮೂಲೆಯಲ್ಲಿ ನಿಂತಿದ್ದು ವಾಪಸಾದೆ.

ದೊಡ್ಡವನಾದ ಮೇಲೆ ಚೀಟಿಯ ಹುಚ್ಚು ಬಿಟ್ಟಿತು, ಸೊಕ್ಕು ಬಿಡಲಿಲ್ಲ. ಹೋಗುತ್ತೇನೆ, ಆದರೆ ಸುಮ್ಮನೆ ಹೋಗುವುದಿಲ್ಲ, ಏನಾದರೂ ಆಗಿ ಹೋಗುತ್ತೇನೆ. ಬೆಸುಗೆ ಪೂರ್ತಿ ಕಲಿತ ಮೇಲೆ. ಸ್ವಂತ ಮಶೀನು ಕೊಂಡ ಮೇಲೆ. ಸ್ವಂತ ಶೆಡ್ಡು ಹಾಕಿದ ಮೇಲೆ. ಒಂದು ಆದ ಕೂಡಲೇ ಇನ್ನೊಂದು ಹುಟ್ಟುತ್ತಿತ್ತು.

ಈ ನಡುವೆ ಒಂದು ದಿನ ಆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಆಗ ನನಗೆ ಹದಿನೇಳು. ಶೆಡ್ಡಿನ ಅಂಗಳದಲ್ಲಿ ಕೂತು ಒಂದು ಗೇಟಿಗೆ ಬೆಸುಗೆ ಹಾಕುತ್ತಿದ್ದೆ. ಅಂಗಿ ತುಂಬ ಕಿಡಿಯ ತೂತು, ಮುಖ ತುಂಬ ಮಸಿ. ತಲೆ ಎತ್ತಿದಾಗ ರಸ್ತೆಯ ಆಚೆ ರೇವಣ ನಿಂತಿದ್ದ. ಕಾಲೇಜಿಗೆ ಹೋಗುವ ಹುಡುಗರ ಹಾಗೆ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಬಟ್ಟೆಯ ಗಂಟು. ನಮ್ಮಿಬ್ಬರ ಕಣ್ಣು ಸೇರಿತೋ ಇಲ್ಲವೋ, ನಾನು ತಟ್ಟನೆ ಮುಖಕ್ಕೆ ಕಪ್ಪು ಗಾಜಿನ ಢಾಲು ಇಳಿಸಿಕೊಂಡೆ. ಉಸ್ತಾದ್ ಒಳಗಿನಿಂದ, “ಯಾರೋ ಹುಡ್ಗ ಬಂದು ನಿಂತಾನ, ತುಮಾರಾ ದೋಸ್ತ್ ಹೈ ಕ್ಯಾ ರೇ?” ಎಂದು ಕೂಗಿದ. “ಯಾರೋ ಏನೋ ಉಸ್ತಾದ್, ನನಗ ಗೊತ್ತಿಲ್ಲ” ಎಂದೆ. ಎಲೆಕ್ಟ್ರೋಡು ತಾಗಿಸಿ ಕಿಡಿ ಎಬ್ಬಿಸಿದೆ. ಬೆಸುಗೆ ಬೇಕಾಗಿಲ್ಲದ ಜಾಗಕ್ಕೂ ಬೆಸುಗೆ ಹಾಕಿದೆ. ಢಾಲು ತೆಗೆದಾಗ ರಸ್ತೆಯ ಆಚೆ ಯಾರೂ ಇರಲಿಲ್ಲ.

ಆಯಿ ಹೋದದ್ದು ತಿಳಿದದ್ದು ಎಷ್ಟೋ ವರ್ಷದ ಮೇಲೆ, ಕಿಟಕಿಯ ಗ್ರಿಲ್ಲಿಗೆ ಅಳತೆ ತೆಗೆಯಲು ಆ ಓಣಿಗೆ ಹೋದಾಗ. ಮನೆಗೆ ಬೀಗ ಹಾಕಿತ್ತು. ಮುದುಕಿ ತೀರಿಕೊಂಡಳು, ಮಗ ಮೊಮ್ಮಗ ಜೇವರ್ಗಿ ಕಾಲೋನಿಗೆ ಹೋದರು ಎಂದು ಪಕ್ಕದ ಮನೆಯವರು ಹೇಳಿದರು. ಅಳತೆಯ ಟೇಪು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ಆಕೆಗೆ ನಾನು ನೆನಪಿರಲಿಕ್ಕಿಲ್ಲ, ನನ್ನ ತರುವಾಯ ಎಷ್ಟು ಹುಡುಗರು ಬಂದು ಉಂಡು ಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನದ ಮೇಲೆಯೇ ಇಷ್ಟು ವರ್ಷ ಕಳೆದೆ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ನಿಂತಿದೆ.

ಮಂಚ ಕತ್ತರಿಸಿದ ದಿನ ಮಧ್ಯಾಹ್ನ, ಬೋರ್ಡಿಂಗಿನ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ಕನ್ನಡಕ ಹಾಕಿದ, ತಲೆ ಬೋಳಾದ ಒಬ್ಬ ಮೇಷ್ಟರು ಚಹಾದ ಎರಡು ಕಪ್ಪು ಹಿಡಿದುಕೊಂಡು ಬಂದು ನನ್ನ ಎದುರು ನಿಂತರು. ಒಂದು ಗಳಿಗೆ ನೋಡಿದರು.

“ಅಂಬ್ಯಾ ಅಲ್ಲೇನು?”

ಆ ಹೆಸರಿನಿಂದ ಕರೆಯುವವರು ಈಗ ಯಾರೂ ಇಲ್ಲ. ಶೆಡ್ಡಿನಲ್ಲಿ ನಾನು ಮಾಲಕರು, ಮನೆಯಲ್ಲಿ ಅಪ್ಪಾಜಿ, ಬಿಲ್ಲಿನಲ್ಲಿ ಅಂಬಾರಾಯ. ನಾನು ಎದ್ದು ನಿಂತೆ. ಎದುರಿಗಿದ್ದವನು ರೇವಣ. ಇದೇ ಶಾಲೆಯಲ್ಲಿ ಗಣಿತ ಕಲಿಸುತ್ತಾನಂತೆ, ಇನ್ನು ಕೆಲವೇ ತಿಂಗಳಿಗೆ ನಿವೃತ್ತಿ. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಮಕ್ಕಳು, ಮೊಣಕಾಲು ನೋವು, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿ ಮುಗಿಯಿತು. ಆಮೇಲೆ ನಾನೇ ಕೇಳಿದೆ, ನನ್ನ ತರುವಾಯ ಯಾವ ಹುಡುಗ ಬರುತ್ತಿದ್ದ ನಿಮ್ಮ ಮನೆಗೆ ಎಂದು.

“ಯಾರೂ ಬರಲಿಲ್ಲ” ಎಂದ ರೇವಣ. “ವಾರ್ಡನ್ ಸರ್ ಖುದ್ದು ಮನಿಗಿ ಬಂದಿದ್ರು, ಬ್ಯಾರೆ ಹುಡುಗನ್ನ ಕಳಸ್ಲೇನವ್ವಾ ಅಂತ ಕೇಳಾಕ. ಆಯಿ ಬ್ಯಾಡ ಅಂದ್ಳು. ‘ನನ್ನ ಬಾಯಿ ಛಲೋ ಇಲ್ಲರಿ ಸರ್. ಒಬ್ಬಾಂವ ನನ್ಮ್ಯಾಲ ನಾರಾಜ್ ಆಗಿ ಹೋಗ್ಯಾನ. ಉಣ್ಣೂ ಕೂಸಿನ ತುತ್ತು ಎಣಿಸಿದೆ ನಾ. ಇನ್ನೊಂದು ಕೂಸಿನ ಹೊಟ್ಟಿ ಉರಸೂದು ಬ್ಯಾಡ’ ಅಂದ್ಳು.”

ಚಹಾದ ಕಪ್ಪನ್ನು ಮೆಟ್ಟಿಲ ಮೇಲೆ ಇಟ್ಟೆ. “ಅಪ್ಪ ಬಿದ್ದಿದ್ದ ರೇವಣ. ಅದಕ್ಕ ಸಾಲಿ ಬಿಟ್ಟೆ. ಸರ್ ಹೇಳಲಿಲ್ಲೇನು?” ಎಂದೆ.

“ಹೇಳಿದ್ರು. ಅದಕ್ಕ ಆಯಿ ಏನಂದ್ಳು ಗೊತ್ತೇನು? ‘ಅಪ್ಪ ಬಿದ್ರ ಸಾಲಿ ಬಿಡ್ತಾರರಿ, ಮನಿ ಬಿಡ್ತಾರೇನು? ಕಪನೂರ ಏನು ಕಾಶಿ ಆತೇನು?’”

ಅಂಗಳದಲ್ಲಿ ನನ್ನ ಕೆಲಸಗಾರ ಪೈಪುಗಳನ್ನು ಒಂದರ ಮೇಲೊಂದು ಒಗೆಯುತ್ತಿದ್ದ. ರೇವಣ ಆ ಸದ್ದು ನಿಲ್ಲಲಿ ಎಂದು ಕಾದು ಮತ್ತೆ ಹೇಳಿದ. ಆವತ್ತಿನಿಂದ ಆ ಮನೆಯಲ್ಲಿ ಯಾರ ತಾಟಿನ ರೊಟ್ಟಿಯನ್ನೂ ಆಯಿ ಎಣಿಸಲಿಲ್ಲ, ಮೊಮ್ಮಗನದನ್ನೂ ಎಣಿಸಲಿಲ್ಲ. ನೆಂಟರಿಷ್ಟರು ಬಂದರೆ ಬಡಿಸಿ ಸುಮ್ಮನೆ ಒಳಗೆ ಹೋಗುತ್ತಿದ್ದಳು. ಚ್ಯಾಷ್ಟಿ ಮಾಡುವುದನ್ನೇ ಬಿಟ್ಟಳು. “ಆಯಿ ಸುಮ್ಮ ಆಗಿಬಿಟ್ಳೋ ಅಂಬ್ಯಾ. ನೀ ಅವತ್ತ ‘ಇಲ್ಲ ರೀ’ ಅಂದಿಯಂತಲ್ಲ, ಅದನ್ನ ಕಡೀತನಕ ಅಂತಿದ್ಳು. ಪರಕೀಯರಿಗಿ ಅಂದಂಗ ಅಂದ ಅಂತ.”

“ನಾ ನಾರಾಜ್ ಆಗಿರಲಿಲ್ಲೋ” ಎಂದೆ. “ಅವತ್ತ ಬಾಯಿ ತಗದ್ರ ಅಳು ಬರ್ತಿತ್ತು. ಅಷ್ಟ.”

ರೇವಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. “ನಾನೂ ಒಂದು ಹೇಳಬೇಕು. ಆಯಿ ನನಗ ಒಮ್ಮೆ ಕಪನೂರಕ್ಕ ಕಳಿಸಿದ್ಳು. ರೊಟ್ಟಿ ಗಂಟು ಕೊಟ್ಟು, ಹೆಂಗರೆ ಮಾಡಿ ಕರ್ಕೊಂಡು ಬಾ ಅಂದಿದ್ಳು. ಬಂದೆ. ನೋಡ್ದೆ ನಿನಗ. ನೀ ಮಾರಿ ಮ್ಯಾಲ ಅದನ್ನ ಇಳಿಸ್ಕೊಂಡಿ. ನನಗೂ ಸಿಟ್ಟು ಬಂತು, ಇಷ್ಟು ಸೊಕ್ಕು ಯಾತಕ್ಕ ಇಂವಗ ಅಂತ. ದಾಟಿ ಬರಲಿಲ್ಲ. ಮನಿಗಿ ಹೋಗಿ ಅಂವ ಸಿಗಲಿಲ್ಲ, ಸೊಲ್ಲಾಪುರಕ್ಕ ಹೋಗ್ಯಾನ ಅಂದೆ. ಆಯಿ ನಂಬಲಿಲ್ಲ. ಗಂಟು ಹಂಗ ತಂದೀ ಅಂದ್ಳು, ಅಷ್ಟ. ಒಳಗ ಹೋದ್ಳು.”

ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ನಾನು ಅವನನ್ನು ಬೈಯಬಹುದಿತ್ತು, ಅವನೂ ನನ್ನನ್ನು ಬೈಯಬಹುದಿತ್ತು. ಆ ರಸ್ತೆ ಎಷ್ಟು ಅಗಲ ಇದ್ದೀತು? ಒಂದು ಲಾರಿ ಹೋಗುವಷ್ಟು. ದಾಟಲು ಇಬ್ಬರಿಗೂ ಆಗಲಿಲ್ಲ. ನನ್ನ ಸೊಕ್ಕಿನಿಂದ ನನಗೆ ಏನು ಕಷ್ಟವಾಯಿತೋ ಅದನ್ನು ನಾನು ಉಂಡಿದ್ದೇನೆ, ಅದರ ಲೆಕ್ಕ ನನಗೆ ಬೇಡ. ಆದರೆ ಅದರ ಸಲುವಾಗಿ ಒಂದು ಮನೆಯ ನಗು ನಿಂತುಹೋಯಿತು, ಬೈದು ಬೈದು ಪ್ರೀತಿಸುತ್ತಿದ್ದ ಒಬ್ಬಳು ತನ್ನ ನಾಲಿಗೆಯನ್ನೇ ಅಪರಾಧಿ ಮಾಡಿಕೊಂಡು ಸುಮ್ಮನಾದಳು ಎಂಬುದು ನನಗೆ ಯಾವ ದಿನವೂ ಹೊಳೆದಿರಲಿಲ್ಲ. ನಾನು ಏನಾದರೂ ಆಗಿ ಹೋಗಬೇಕೆಂದು ಕಾದೆ. ಆಕೆ ನಾನು ಹೇಗಿದ್ದರೆ ಹಾಗೆ ಬರಲೆಂದು ಕಾದಳು.

“ಆಯಿಗಿ ಎಲ್ಲಿ ಮಣ್ಣು ಮಾಡೀರಿ?” ಎಂದು ಕೇಳಿದೆ.

ರೇವಣ ತನ್ನ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ರುದ್ರಭೂಮಿಗೆ ಕರೆದುಕೊಂಡು ಹೋದ. ನಾಲ್ಕು ಗಂಟೆಯ ಬಿಸಿಲು. ಗೇಟಿನ ಬಳಿ ಕಲ್ಲಿನ ಗದ್ದುಗೆಗಳು, ಹೆಸರು ಕೆತ್ತಿದವು, ಬಣ್ಣ ಬಳಿದವು. ಆಯಿಗೆ ಕಲ್ಲು ಹಾಕಿಸಿರಲಿಲ್ಲ. ಹಾಕಿಸಬೇಕೆಂದು ತಂದೆ ಅನ್ನುತ್ತಿದ್ದರು, ಅವರೂ ಹೋದರು ಎಂದ. ಬೇವಿನ ಗಿಡದ ಪೂರ್ವಕ್ಕೆ ಹತ್ತು ಹೆಜ್ಜೆ ಎಂದು ಅವನಿಗೆ ನೆನಪಿತ್ತು. ಬೇವಿನ ಗಿಡ ಇರಲಿಲ್ಲ. ಇಬ್ಬರೂ ಜಾಲಿಯ ಮುಳ್ಳು ಸರಿಸುತ್ತ ಆ ಸಾಲು ಈ ಸಾಲು ತಿರುಗಿದೆವು. “ಇದಾ ಇರಬೇಕು” ಎಂದು ಒಂದು ದಿಬ್ಬದ ಹತ್ತಿರ ನಿಂತ. ಆಮೇಲೆ ಇನ್ನೊಂದನ್ನು ನೋಡಿ, “ಇಲ್ಲ, ಅದು ಇರಬಹುದು” ಎಂದ.

ಕಾವಲಿನವನು ಕಟ್ಟಿಗೆ ಊರಿಕೊಂಡು ಬಂದ. “ಯಾರನ್ನ ಹುಡಕಾಕತ್ತೀರಿ?”

ರೇವಣ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ನಮ್ಮ ಆಯಿನ್ನ.”

ರೇವಣ ನನ್ನ ಕಡೆ ನೋಡಿದ. ಆ ಸಾಲೆಲ್ಲ ಮಳೆಗೆ ಕುಸಿದಿತ್ತು, ಹೋದ ವರ್ಷ ಅಂದಾಜಿಗೆ ಮತ್ತೆ ಮಣ್ಣು ಏರಿಸಿದ್ದಾರೆ, ಈಗ ಯಾರದ್ದು ಯಾವುದು ಹೇಳಲು ಬಾರದು ಎಂದ ಕಾವಲಿನವನು. ಅಷ್ಟು ಹೇಳಿ ನೆರಳಿಗೆ ಹೋದ. ರೇವಣ ಚಪ್ಪಲಿಯ ಮಣ್ಣು ಕೊಡವಿಕೊಳ್ಳುವ ನೆವ ಮಾಡಿಕೊಂಡು ಸ್ವಲ್ಪ ದೂರ ನಡೆದ.

ನಾನು ಎರಡು ದಿಬ್ಬಗಳ ನಡುವೆ ನಿಂತೆ. ಯಾವ ಕಡೆ ಮುಖ ಮಾಡಬೇಕೆಂದು ತಿಳಿಯಲಿಲ್ಲ. ಆ ಕಡೆ ಒಮ್ಮೆ ಹೇಳಿದೆ, ಈ ಕಡೆ ಒಮ್ಮೆ ಹೇಳಿದೆ: “ನಾ ನಾರಾಜ್ ಆಗಿರಲಿಲ್ಲ ಆಯಿ.” ಎರಡರಲ್ಲಿ ಒಂದಾದರೂ ಪರರದು. ಯಾರೋ ಗೊತ್ತಿಲ್ಲದವರೂ ಆ ಮಾತು ಕೇಳಿಸಿಕೊಂಡರು. ಬಿಸಿಲು ಹಾಗೇ ಇತ್ತು, ಒಂದು ಎಲೆಯೂ ಅಲುಗಾಡಲಿಲ್ಲ. ಸ್ಕೂಟರು ಶುರು ಮಾಡಿದ ಸದ್ದು ಕೇಳಿ ಗೇಟಿನ ಕಡೆ ನಡೆದೆ.